ನಾಲ್ಕನೇ ಖಾನೆ ಖಾಲಿ

2022ರ ಅಕ್ಟೋಬರ್ ಮೊದಲ ವಾರದವರೆಗೂ ನನ್ನ ತಲೆಯಲ್ಲಿದ್ದದ್ದು ನಾರ್ವೆ ಒಂದೇ. ಕಾರಣ ಇಷ್ಟೇ, ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇರಲಿಲ್ಲ. ಯುರೋಪಿನ ಆಚೆಯಿಂದ ಬರುವವರಿಗೆ ಡೆನ್ಮಾರ್ಕ್ 2006ರಲ್ಲೇ ಶುಲ್ಕ ಹಾಕಿತ್ತು, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ. ನಾರ್ವೆ ಮಾತ್ರ ನಮ್ಮಂಥವರನ್ನೂ ಪುಕ್ಕಟೆ ಓದಿಸುತ್ತಿತ್ತು. ಟ್ರೋಂಡ್‌ಹೈಮ್‌ನಲ್ಲಿ ಜಲವಿದ್ಯುತ್ ಬಗ್ಗೆಯೇ ಒಂದು ಮಾಸ್ಟರ್ಸ್ ಕೋರ್ಸ್ ಇತ್ತು, ಅದಕ್ಕೆ ಬೇಕಾದ ಕಾಗದಪತ್ರವನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅಕ್ಟೋಬರ್ 6ಕ್ಕೆ ಅಲ್ಲಿನ ಬಜೆಟ್ ಬಂತು. ಮುಂದಿನ ಶೈಕ್ಷಣಿಕ ವರ್ಷದಿಂದ ಹೊರಗಿನವರು ಶುಲ್ಕ ಕಟ್ಟಬೇಕಂತೆ. ಎಷ್ಟು ಅಂತ ನನಗೆ ಆಗ ಗೊತ್ತಾಗಲಿಲ್ಲ.

ಒಂದು ವಾರ ಸಿಟ್ಟಿನಲ್ಲೇ ಇದ್ದೆ. ಆಮೇಲೆ ನನಗೇ ಕೇಳಿಕೊಂಡೆ: ಫೀಸಿಲ್ಲ ಅನ್ನುವುದನ್ನು ತೆಗೆದಿಟ್ಟರೆ ಆ ಕೋರ್ಸು ನನಗೆ ಬೇಕಿತ್ತಾ? ಜಲವಿದ್ಯುತ್ ಯೋಜನೆಗೂ ನನ್ನ ಕೆಲಸಕ್ಕೂ ಏನು ಸಂಬಂಧ?

ನನ್ನ ಕೆಲಸ ಚರಂಡಿ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ರಾಜಕಾಲುವೆಗಳ ಡ್ರಾಯಿಂಗ್ ಮಾಡುತ್ತಿದ್ದೆ. ಎಷ್ಟು ಮಿಲಿಮೀಟರ್ ಮಳೆಗೆ ಎಷ್ಟು ಅಗಲ, ಎಷ್ಟು ಆಳ, ಎಷ್ಟು ಇಳಿಜಾರು, ಕೊನೆಗೆ ಕಾಂಕ್ರೀಟ್ ಎಷ್ಟು. ಅದೇ ಸೆಪ್ಟೆಂಬರ್ ಮೊದಲ ವಾರ ಔಟರ್ ರಿಂಗ್ ರೋಡು ಮುಳುಗಿ, ಬೆಳ್ಳಂದೂರಿನ ಕಡೆ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೆಲ್ಲ ನೋಡಿತು. ಆ ವಾರವೇ ನಮ್ಮ ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1933ರ ನಂತರ ಅದೇ ಮೊದಲು. ಬೋರ್‌ವೆಲ್ ಒಣಗುವುದನ್ನೇ ನೋಡಿಕೊಂಡು ಬೆಳೆದವರು ನಾವು. ಊರಿನವರು ಬಾಗಿನ ಬಿಡುವ ಸಂಭ್ರಮದಲ್ಲಿದ್ದರು, ನಾನು ಸೊಂಟದ ಮಟ್ಟದ ನೀರಿನ ಫೋಟೋಗಳನ್ನು ಫೈಲಿಗೆ ಸೇರಿಸುತ್ತಿದ್ದೆ. ಮೀಟಿಂಗಿನಲ್ಲಿ ಬಂದ ಪರಿಹಾರ ಒಂದೇ: ಕಾಲುವೆ ಇನ್ನಷ್ಟು ಅಗಲ ಮಾಡಿ. ಅದನ್ನು ಬಿಟ್ಟು ಬೇರೆ ದಾರಿ ಇದೆಯಾ ಅಂತ ಕಲಿಯಬೇಕು ಅನ್ನಿಸಿದ್ದು ಆ ಮೀಟಿಂಗಿನಲ್ಲೇ. ನಾರ್ವೆಯ ಬಿಟ್ಟಿ ಸೀಟು ಅದನ್ನು ಮರೆಸಿತ್ತು ಅಷ್ಟೆ.

ಶುಲ್ಕ ಕಟ್ಟಲೇಬೇಕಾದರೆ ಅದನ್ನೇ ಕಲಿಯೋಣ ಅಂತ ಸ್ವೀಡನ್ ಕಡೆ ತಿರುಗಿದೆ. ಅಲ್ಲಿ ಎಲ್ಲ ವಿಶ್ವವಿದ್ಯಾಲಯಕ್ಕೂ ಸೇರಿ ಒಂದೇ ಅರ್ಜಿ, 900 ಕ್ರೋನಾ ಶುಲ್ಕ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಮಾಡಿದವರಿಗೆ ಹೊಸದೇನಲ್ಲ, ಬೇಕಾದ ಕೋರ್ಸುಗಳನ್ನು ಒಂದರ ಕೆಳಗೊಂದು ಆದ್ಯತೆಯ ಪ್ರಕಾರ ಹಾಕಬೇಕು. ಆದರೆ ಸಿಇಟಿಯಲ್ಲಿ ನೂರಾರು ಆಪ್ಷನ್ ತುಂಬಿ ನಿದ್ದೆ ಮಾಡಬಹುದು, ಇಲ್ಲಿ ಇರುವುದು ನಾಲ್ಕೇ ಖಾನೆ. ಮೇಲಿನದು ಸಿಕ್ಕರೆ ಕೆಳಗಿನವು ತಾವಾಗಿಯೇ ರದ್ದು. ಆಮೇಲೆ ಕೂತು ಹೋಲಿಸಿ ನೋಡುವ ಅವಕಾಶವೇ ಇಲ್ಲ, ತೀರ್ಮಾನವೆಲ್ಲ ಕ್ರಮಸಂಖ್ಯೆ ಹಾಕುವಾಗಲೇ ಆಗಬೇಕು.

ಸ್ಟಾಕ್‌ಹೋಮ್‌ನ ಕೆಟಿಎಚ್ ಮೊದಲು ಹಾಕು ಅಂದವರೇ ಎಲ್ಲ. 1827ರ ಕಾಲೇಜು, ಹೆಸರು ದೊಡ್ಡದು, ರಾಜಧಾನಿ ಬೇರೆ. ನಮ್ಮ ಟೀಮ್ ಲೀಡರ್ ಸರ್ ಅಂತೂ ರ್‍ಯಾಂಕಿಂಗ್ ಪಟ್ಟಿಯ ಪ್ರಿಂಟ್ ತೆಗೆದೇ ತಂದುಕೊಟ್ಟರು. ಸ್ವೀಡನ್ನಿನಲ್ಲಿದ್ದ ತೀರ್ಥಹಳ್ಳಿ ಕಡೆಯ ಸೀನಿಯರ್ ಅಕ್ಕನಿಗೆ ಫೋನ್ ಮಾಡಿದೆ. "ಆ ಪಟ್ಟಿ ಮಡಚಿಡು ಮಾರಾಯ್ತಿ. ಒಂದೊಂದು ಕೋರ್ಸಿನ ಸಿಲೆಬಸ್ ಬೇರೆ ಬೇರೆ ಹಾಕಿರ್ತಾರೆ, ಅದನ್ನ ಓದು. ಕಾಲೇಜಿಗೆ ಸೇರ್‍ತಿಲ್ಲ ನೀನು, ಆ ಸಿಲೆಬಸ್‌ಗೆ ಸೇರ್‍ತಿದ್ದೀಯ" ಅಂದಳು.

ಓದಲು ಕೂತ ಮೇಲೆ ಗೊತ್ತಾಯಿತು, ಅಲ್ಲಿನ ಲೆಕ್ಕವೇ ಬೇರೆ. ನಮ್ಮ ವಿಟಿಯುನಲ್ಲಿ ಐದಾರು ವಿಷಯ ಒಟ್ಟಿಗೆ ಎಳೆದುಕೊಂಡು ಹೋಗಿ ಸೆಮಿಸ್ಟರ್ ಕೊನೆಯಲ್ಲಿ ಎಲ್ಲಕ್ಕೂ ಪರೀಕ್ಷೆ. ಅಲ್ಲಿ ಒಂದೂವರೆ ಕ್ರೆಡಿಟ್ ಅಂದರೆ 40 ಗಂಟೆಯ ಕೆಲಸ, ಒಂದು ವಾರ. ಏಳೂವರೆ ಕ್ರೆಡಿಟ್ಟಿನ ಕೋರ್ಸು ಅಂದರೆ ಐದು ವಾರದ ಪೂರ್ತಿ ದುಡಿಮೆ. ದಕ್ಷಿಣ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ಸೆಮಿಸ್ಟರನ್ನು ಎರಡು ಭಾಗ ಮಾಡಿ, ಸಾಮಾನ್ಯವಾಗಿ ಎರಡೇ ಕೋರ್ಸು ಜೊತೆಯಲ್ಲಿ ನಡೆಸುತ್ತಾರೆ. ಕೊನೆಯ 30 ಕ್ರೆಡಿಟ್ ಪ್ರಬಂಧಕ್ಕೇ ಮೀಸಲು, ಅಂದರೆ ಇಡೀ ಒಂದು ಸೆಮಿಸ್ಟರ್. ಎರಡು ವರ್ಷದ ಒಟ್ಟು 120 ಕ್ರೆಡಿಟ್ಟಿನಲ್ಲಿ ನನ್ನ ವಿಷಯಕ್ಕೆ ಎಷ್ಟು ವಾರ ಸಿಗುತ್ತದೆ ಅಂತ ಕೂಡಿಸಿ ನೋಡುವುದು ಸುಲಭ. ಕೂಡಿಸಿದೆ. ಕೆಟಿಎಚ್‌ನದು ಪರಿಸರ, ಮಣ್ಣು, ಮೂಲಸೌಕರ್ಯ ಎಲ್ಲ ಸೇರಿದ ವಿಶಾಲ ಕೋರ್ಸು. ಗೋಥೆನ್‌ಬರ್ಗಿನ ಚಾಲ್ಮರ್ಸ್‌ನದೂ ಹೆಚ್ಚುಕಮ್ಮಿ ಅದೇ ಜಾತಿ. ಲುಂಡ್‌ನದು ಜಲಸಂಪನ್ಮೂಲ ಎಂಜಿನಿಯರಿಂಗ್, ಶುರುವಿನಿಂದ ಕೊನೆತನಕ ನೀರೇ ನೀರು.

ಇನ್ನೂ ಮನಸ್ಸು ಗಟ್ಟಿಯಾಗಿರಲಿಲ್ಲ. ಆಗ ಓದಿದ್ದು ಆಗಸ್ಟೆನ್‌ಬೋರಿಯ ಕಥೆ. ಲುಂಡ್‌ನಿಂದ ರೈಲಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಸಿಗುವ ಮಾಲ್ಮೋ ನಗರದ ಒಂದು ಬಡಾವಣೆ ಅದು. 1940ರ ದಶಕದ ಕೊನೆ, 1950ರ ದಶಕದ ಶುರುವಿನಲ್ಲಿ ಕಟ್ಟಿದ ಮನೆಗಳು, ಮಳೆನೀರು ಕೊಳಚೆನೀರು ಎರಡಕ್ಕೂ ಒಂದೇ ಪೈಪು. ಜೋರು ಮಳೆ ಬಂದರೆ ನೆಲಮಾಳಿಗೆಗೆಲ್ಲ ಗಲೀಜು ನೀರು ನುಗ್ಗುತ್ತಿತ್ತು. 1998ರಿಂದ ಅವರು ಮಾಡಿದ್ದು ಪೈಪು ದಪ್ಪ ಮಾಡುವ ಕೆಲಸವಲ್ಲ. ಮಳೆನೀರನ್ನು ಪೈಪಿನಿಂದ ಬಿಡಿಸಿ, ಅಂಗಳದಲ್ಲಿ ತೆರೆದ ಸಣ್ಣ ಕಾಲುವೆಗಳಲ್ಲಿ ಹರಿಸಿ, ಕೊಳಗಳಲ್ಲಿ ನಿಲ್ಲಿಸಿ, ಮಾಳಿಗೆಗಳ ಮೇಲೆ ಹಸಿರು ಬೆಳೆಸಿ ನಿಧಾನ ಮಾಡಿದರು. 2014ರ ಆಗಸ್ಟ್ 31ರಂದು ಮಾಲ್ಮೋದಲ್ಲಿ ಮೋಡವೇ ಒಡೆದಂತೆ ಮಳೆಯಾದಾಗ ಸುತ್ತಲಿನ ಪ್ರದೇಶಗಳಿಗಿಂತ ಅಲ್ಲಿ ಹಾನಿ ಬಹಳ ಕಡಿಮೆ. ನೀರು ನಿಲ್ಲಲು ಒಂದು ಜಾಗ, ಹರಿಯಲು ಒಂದು ದಾರಿ. ಕೆರೆಯಿಂದ ಕೆರೆಗೆ ಕಾಲುವೆ ತೆಗೆದ ಬೆಂಗಳೂರಿನ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳಬೇಕಾದದ್ದು ನಮಗೆ.

ಆಮೇಲೆ ಸ್ಟಾಕ್‌ಹೋಮ್ ಹಿಂದೆ ಸರಿಯಿತು.

ಗಡುವು ಬಂದದ್ದು ಸಂಕ್ರಾಂತಿಯ ಮರುದಿನ. ಹಬ್ಬಕ್ಕೆ ಊರಿಗೆ ಹೋಗಿದ್ದೆ, ಎಳ್ಳು ಬೀರಿ ಬಂದವಳು ಲ್ಯಾಪ್‌ಟಾಪ್ ಮುಂದೆ ಕೂತೆ. ಲುಂಡ್ ಒಂದು, ಚಾಲ್ಮರ್ಸ್ ಎರಡು, ಕೆಟಿಎಚ್ ಮೂರು. ಚಾಲ್ಮರ್ಸ್ ಮೇಲೆ ಬಂದದ್ದಕ್ಕೆ ಘನವಾದ ಕಾರಣವಿಲ್ಲ. ಗೋಥೆನ್‌ಬರ್ಗು ಸದಾ ಮಳೆ ಹೊಡೆಯುವ ಊರು ಅಂತ ಕೇಳಿದ್ದೆ. ನಾಲ್ಕನೇ ಖಾನೆಗೆ ಏನಾದರೂ ತುಂಬು, ಸಸ್ಟೈನಬಿಲಿಟಿ ಅಂತ ಹೆಸರಿರೋದು ಯಾವುದಾದರೂ, ಖಾಲಿ ಯಾಕೆ ಬಿಡ್ತೀಯ ಅಂತ ಟೀಮ್ ಲೀಡರ್ ಮೆಸೇಜು. ಅಪ್ಪನಿಗೆ ತೋರಿಸಿದೆ. ಮೇಷ್ಟ್ರಾಗಿ ನಿವೃತ್ತರಾದವರು, ಪ್ರಶ್ನೆ ಕೇಳುವುದು ಅಭ್ಯಾಸ. "ಅದೊಂದೇ ಸಿಕ್ಕಿದ್ರೆ ಹೋಗ್ತೀಯೇನವ್ವ?" ಅಂದರು. ಇಲ್ಲ ಅಂದೆ. "ಮತ್ತೆ ಯಾಕೆ ಬರೀತೀಯ?" ಅಲ್ಲಿಗೆ ಮುಗಿಯಿತು, ಮೂರನ್ನೇ ಕಳಿಸಿದೆ.

ಮಾರ್ಚ್ ಕೊನೆಗೆ ಫಲಿತಾಂಶ ಬಂತು. ಮೊದಲ ಖಾನೆಗೇ ಪ್ರವೇಶ, ಕೆಳಗಿನವು ರದ್ದು. ವಿದ್ಯಾರ್ಥಿವೇತನ ಸಿಗಲಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷ ಕ್ರೋನಾ ಆಸುಪಾಸು ಶುಲ್ಕ, ಆಗಿನ ದರದಲ್ಲಿ ಸುಮಾರು ಹನ್ನೆರಡು ಲಕ್ಷ ರೂಪಾಯಿ. ಅದಕ್ಕೆ ಬ್ಯಾಂಕ್ ಸಾಲ. ಇದರ ಮೇಲೆ ವೀಸಾಕ್ಕೆ 2023ರಲ್ಲಿ ತಿಂಗಳಿಗೆ 9,450 ಕ್ರೋನಾದಂತೆ ಜೀವನವೆಚ್ಚದ ಹಣ ಇದೆ ಅಂತ ತೋರಿಸಬೇಕಿತ್ತು, ಅದೂ ಅರ್ಜಿದಾರರ ಸ್ವಂತ ಖಾತೆಯಲ್ಲಿ. ಅಪ್ಪನ ಖಾತೆಯಲ್ಲಿದ್ದರೆ ನಡೆಯುವುದಿಲ್ಲ. ಹಾಗಾಗಿ ಅಪ್ಪ ನಿವೃತ್ತಿಯ ದುಡ್ಡಿನ ಎಫ್‌ಡಿ ಮುರಿಸಿ ನನ್ನ ಹೆಸರಿಗೆ ಹಾಕಲು ಬ್ಯಾಂಕಿಗೆ ಕರೆದುಕೊಂಡು ಹೋದರು.

ಮ್ಯಾನೇಜರು ಫಾರಂ ನೋಡಿ, ಏನು ಓದೋಕಮ್ಮ ಅಂದರು. ಮಳೆನೀರು, ಊರಿನ ಚರಂಡಿ ವ್ಯವಸ್ಥೆ ಅಂತ ಹೇಳಿದೆ. "ಚರಂಡಿ ಕಲಿಯೋಕೆ ಸ್ವೀಡನ್ನಾ!" ಅಂತ ನಕ್ಕರು.

"ನಿಮ್ಮ ಬ್ರಾಂಚಿನ ಮುಂದೆ ಹೋದ ಮಳೆಗಾಲದಲ್ಲಿ ಮೊಣಕಾಲುದ್ದ ನಿಂತಿತ್ತಲ್ಲ ಸಾರ್" ಅಂದರು ಅಪ್ಪ, ಸಹಿ ಹಾಕುತ್ತಲೇ.