ಛಾವಣಿ ಕೆಲಸ: ಡಂಪ್‌ಸ್ಟರ್ ಬಂದು ಹೋದ ಏಳು ದಿನ

ಕೆಲಸಕ್ಕೆ ಹತ್ತು ದಿನ ಮೊದಲು

ಹೊಸ ಶಿಂಗಲ್ಸ್‌ಗೆ (ಛಾವಣಿಗೆ ಹೊದಿಸುವ ಡಾಂಬರಿನ ತೆಳು ಬಿಲ್ಲೆಗಳು) ಯಾವ ಬಣ್ಣ ಅಂತ ಮನೆಯಲ್ಲಿ ಎರಡು ತಿಂಗಳು ಮಾತಾಡಿದ್ದೇವೆ. ಕಿತ್ತ ಹಳೆಯದನ್ನು ಎಲ್ಲಿ ಹಾಕುವುದು ಅನ್ನುವ ಪ್ರಶ್ನೆ ಎದ್ದಿದ್ದು ಇವತ್ತು. ಕೆಲಸ ಮಾಡುವವರು ನಾವೇ, ನಾನು, ನನ್ನ ತಮ್ಮ, ಅವನ ಗೆಳೆಯ. ಹಾಗಾಗಿ ಡಂಪ್‌ಸ್ಟರ್, ಅಂದರೆ ಲಾರಿಯಲ್ಲಿ ಬಾಡಿಗೆಗೆ ಬರುವ ಕಸದ ದೊಡ್ಡ ಕಬ್ಬಿಣದ ಡಬ್ಬ, ತರಿಸುವ ಹೊಣೆಯೂ ನಮ್ಮದೇ.

ಮೊದಲು ಅಳತೆ. ಸೂರಿನ ಚಾಚು ಸೇರಿಸಿ ನೆಲದ ಮೇಲೆ 40 ಅಡಿ, 45 ಅಡಿ. ಅಂದರೆ 1,800 ಚದರ ಅಡಿ. ಆದರೆ ಇಳಿಜಾರು ಇರುವುದರಿಂದ ನಿಜವಾದ ಛಾವಣಿ ಇದಕ್ಕಿಂತ ದೊಡ್ಡದು. ನಮ್ಮದು 12 ಅಡಿ ಒಳಗೆ ಹೋದರೆ 6 ಅಡಿ ಏರುವ ಇಳಿಜಾರು. ಅದಕ್ಕೆ 1.118ರಿಂದ ಗುಣಿಸಬೇಕು. ಸುಮಾರು 2,010 ಚದರ ಅಡಿ ಆಯಿತು. ಛಾವಣಿ ಕೆಲಸದವರು 100 ಚದರ ಅಡಿಗೆ ಒಂದು ಸ್ಕ್ವೇರ್ ಅನ್ನುತ್ತಾರೆ. ಹಾಗಾಗಿ ನಮ್ಮದು 20 ಸ್ಕ್ವೇರ್.

ನಾನು 30 ಘನ ಗಜದ ದೊಡ್ಡ ಡಬ್ಬವೇ ಇರಲಿ ಅಂದುಕೊಂಡು ಬಾಡಿಗೆಗೆ ಕೊಡುವವರಿಗೆ ಫೋನ್ ಮಾಡಿದೆ. ಆ ಕಡೆ ಇದ್ದ ಹೆಂಗಸು ಕೇಳಿದ ಮೊದಲ ಪ್ರಶ್ನೆಯೇ "ಎಷ್ಟು ಪದರ ಇದೆ?" ಅಂತ. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಸೋಫಾ, ಮರದ ಕಪಾಟು ಎಸೆಯುವಾಗ ಜಾಗ ಮೊದಲು ಮುಗಿಯುತ್ತದೆ. ಶಿಂಗಲ್ಸ್ ಎಸೆಯುವಾಗ ತೂಕ ಮೊದಲು ಮುಗಿಯುತ್ತದೆ. ಡಾಂಬರಿನ ಹಳೆಯ ಮಾದರಿಯ ಶಿಂಗಲ್ಸ್ ಒಂದು ಸ್ಕ್ವೇರ್‌ಗೆ ಸುಮಾರು 100 ಕಿಲೋ ತೂಗುತ್ತದೆ. 30 ಗಜದ ಡಬ್ಬದ ತುಂಬ ಅದನ್ನೇ ಹಾಕಿದರೆ ಲಾರಿ ಅದನ್ನು ರಸ್ತೆಗೆ ಒಯ್ಯುವ ಹಾಗೇ ಇಲ್ಲ. ಅದಕ್ಕೇ ಭಾರದ ಕಸಕ್ಕೆ ಗೋಡೆ ಗಿಡ್ಡ ಇರುವ ಸಣ್ಣ ಡಬ್ಬ ಕೊಡುತ್ತಾರಂತೆ. ಅವರ ಮಾತು ಕೇಳಿ 10 ಗಜದ್ದು ಹೇಳಿದೆ. ಬಾಡಿಗೆಯಲ್ಲಿ ಏಳು ದಿನ ಮತ್ತು 3 ಟನ್ ಸೇರಿದೆ. ಅದಕ್ಕಿಂತ ಜಾಸ್ತಿಯಾದರೆ ಹೆಚ್ಚಿನ ತೂಕಕ್ಕೆ ಬೇರೆ ಹಣ.

ಮುಂಭಾಗದ ಪಕ್ಕದ ಅಂಚಿನಲ್ಲಿ ಏಣಿ ಹಾಕಿ ನೋಡಿದೆ. ಒಂದೇ ಪದರ. 20 ಸ್ಕ್ವೇರ್‌ಗೆ 2 ಟನ್, ಕೆಳಗಿನ ಡಾಂಬರು ಹಾಳೆ, ಮೊಳೆ, ಕೊಳೆತ ಪ್ಲೈವುಡ್ ಸೇರಿ ಇನ್ನೊಂದು 300 ಕಿಲೋ. ಆರಾಮಾಗಿ ಸಾಕು ಅನಿಸಿತು.

ಒಂದನೇ ದಿನ

ಲಾರಿ ಬೆಳಿಗ್ಗೆಯೇ ಬಂತು. ಡಬ್ಬ ಇಳಿಸುವಾಗ ಲಾರಿಯ ಹಿಂಭಾಗ ತುಂಬ ಮೇಲೆ ಏಳುತ್ತದೆ. ಮೇಲೆ ವಿದ್ಯುತ್ ತಂತಿಯಾಗಲಿ ಮರದ ಕೊಂಬೆಯಾಗಲಿ ಇಲ್ಲದ ಜಾಗವನ್ನು ಹಿಂದಿನ ದಿನವೇ ಗುರುತು ಮಾಡಿಟ್ಟಿದ್ದೆವು. ಡಬ್ಬದ ಕಬ್ಬಿಣದ ಗಾಲಿ ಕೂರುವ ಕಡೆ ದಪ್ಪ ಹಲಗೆಗಳನ್ನು ಉದ್ದಕ್ಕೆ ಹಾಸಿದೆವು, ಇಲ್ಲದಿದ್ದರೆ ಕಾಂಕ್ರೀಟ್ ಬಿರಿಯುತ್ತದೆ. ಹಿಂದಿನ ಬಾಗಿಲು ಪೂರ್ತಿ ತೆರೆಯಲು ಜಾಗ ಬಿಟ್ಟೆವು. ಬೀದಿಯಲ್ಲಿ ಇಡುವುದಾದರೆ ಸಾಮಾನ್ಯವಾಗಿ ಅನುಮತಿ ಬೇಕು. ನಮ್ಮದು ಅಂಗಳದ ಒಳಗೇ ಇದ್ದುದರಿಂದ ಆ ಓಡಾಟ ತಪ್ಪಿತು.

ಎರಡನೇ ದಿನ

ಮುಂಭಾಗ ಪೂರ್ತಿ ಕಿತ್ತೆವು. ಹಲ್ಲಿನ ಸಲಿಕೆಯಿಂದ ನೆತ್ತಿಯಿಂದ ಶುರು ಮಾಡಿ ಕೆಳಗೆ ಬಂದರೆ ಶಿಂಗಲ್ಸ್ ಮೊಳೆ ಸಮೇತ ಏಳುತ್ತವೆ. ಡಬ್ಬ ಸೂರಿಗೆ ಹತ್ತಿರ ಇದ್ದುದರಿಂದ ಅರ್ಧ ಕಸ ನೇರವಾಗಿ ಒಳಗೇ ಬಿತ್ತು. ಉಳಿದಿದ್ದನ್ನು ನೆಲದ ಟಾರ್ಪಾಲಿನ್‌ನಿಂದ ಎತ್ತಿ ಹಾಕಿದೆವು. ಒಂದೇ ಮೂಲೆಗೆ ರಾಶಿ ಹಾಕಬಾರದು, ಎತ್ತುವಾಗ ಡಬ್ಬ ವಾಲುತ್ತದೆ. ತಮ್ಮ ಆಗಾಗ ಒಳಗಿಳಿದು ಸಮ ಮಾಡುತ್ತಿದ್ದ.

ತವರದ ಪಟ್ಟಿಗಳನ್ನೆಲ್ಲ ಬೇರೆ ಇಟ್ಟಿದ್ದೇವೆ. ಗುಜರಿಗೆ ಹೋಗುವ ವಸ್ತುವಿಗೆ ತೂಕದ ಹಣ ಯಾಕೆ ಕೊಡಬೇಕು, ಅಲ್ವಾ?

ಮೂರನೇ ದಿನ

ಹಿಂಭಾಗಕ್ಕೆ ಸಲಿಕೆ ಹಾಕಿದರೆ ಏಳಲೇ ಇಲ್ಲ. ಬಗ್ಗಿ ನೋಡಿದಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಎರಡು ಪದರ! ಹಿಂದೆ ಯಾರೋ ಮುಂಭಾಗವನ್ನು ಮಾತ್ರ ಕಿತ್ತು ಹೊಸದು ಹಾಕಿದ್ದಾರೆ. ಹಿಂಭಾಗಕ್ಕೆ ಹಳೆಯದರ ಮೇಲೇ ಹೊಡೆದಿದ್ದಾರೆ. ನಾನು ಒಂದೇ ಕಡೆ ನೋಡಿ ಲೆಕ್ಕ ಹಾಕಿದ್ದೆ. ದಯವಿಟ್ಟು ಎಲ್ಲ ಇಳಿಜಾರಿನ ಅಂಚನ್ನೂ ಬೇರೆ ಬೇರೆಯಾಗಿ ನೋಡಿ. ಅಂಚಿನ ಪಟ್ಟಿ ಮುಚ್ಚಿದ್ದರೆ ಒಂದು ಶಿಂಗಲ್ ಎತ್ತಿಯಾದರೂ ನೋಡಿ.

10 ಸ್ಕ್ವೇರ್ ಜಾಸ್ತಿ, ಅಂದರೆ ಇನ್ನೊಂದು ಟನ್. ಒಟ್ಟು 3.3. ಕೆಲಸ ನಿಲ್ಲಿಸಿ ಬಾಡಿಗೆಯವರಿಗೆ ಫೋನ್ ಮಾಡಿದೆ. ಮುಚ್ಚಿಟ್ಟು ಕಳಿಸುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದು ಅನಿಸಿತು. ಲಾರಿ ಅಷ್ಟು ಎಳೆಯುತ್ತದೆ, ಹೆಚ್ಚಿನ ತೂಕಕ್ಕೆ ಹಣ ಕೊಟ್ಟರೆ ಸಾಕು, ಆದರೆ ಕಸ ಡಬ್ಬದ ಅಂಚು ಮೀರಬಾರದು ಅಂದರು. ಎರಡನೇ ಡಬ್ಬ ತರಿಸುವುದಕ್ಕಿಂತ ಇದೇ ಕಡಿಮೆ ಖರ್ಚು. ಕೊಳೆತ ಪ್ಲೈವುಡ್‌ನ ನಾಲ್ಕು ಹಾಳೆಗಳನ್ನು ತಮ್ಮನ ಗೆಳೆಯ ತನ್ನ ವಾಹನದಲ್ಲಿ ಕಸದ ಕೇಂದ್ರಕ್ಕೆ ಒಯ್ದ.

ನಾಲ್ಕನೇ ದಿನ

ಮಳೆ. ಹಿಂದಿನ ಸಂಜೆಯೇ ಡಬ್ಬದ ಮೇಲೆ ಟಾರ್ಪಾಲಿನ್ ಬಿಗಿದಿದ್ದೆವು. ಡಾಂಬರು ಹಾಳೆ, ಮರ ನೀರು ಕುಡಿದರೆ ಆ ನೀರಿನ ತೂಕವೂ ನಮ್ಮ ಲೆಕ್ಕಕ್ಕೇ ಬರುತ್ತದೆ. ಛಾವಣಿಗಿಂತ ಡಬ್ಬವನ್ನೇ ಜಾಸ್ತಿ ಸಲ ಎದ್ದು ನೋಡಿದೆ.

ಐದು ಮತ್ತು ಆರನೇ ದಿನ

ಹಿಂಭಾಗ ಮುಗಿಯಿತು. ಶಿಂಗಲ್ಸ್ ಕೆಳಗೆ ಬರುವ ಹೊಸ ಹಾಳೆ ಹಾಸಿದ್ದಾಗಿದೆ. ಇನ್ನು ಮಳೆ ಬಂದರೂ ಭಯವಿಲ್ಲ. ಡಬ್ಬದಲ್ಲಿ ಅಂಚಿಗೆ ಒಂದು ಗೇಣು ಕಡಿಮೆ ಇದೆ. ಷೆಡ್‌ನಲ್ಲಿದ್ದ ಹಳೆಯ ಪೇಂಟ್ ಡಬ್ಬಿ, ಬ್ಯಾಟರಿ ಹಾಕಿಬಿಡೋಣ ಅಂತ ತಮ್ಮ ಕೇಳಿದ. ಬೇಡ ಅಂದೆ. ಅವನ್ನು ಹಾಕಬಾರದು ಅಂತ ಬಾಡಿಗೆ ಪತ್ರದಲ್ಲೇ ಇದೆ.

ಏಳನೇ ದಿನ

ಲಾರಿ ಬಂದು ಎತ್ತಿಕೊಂಡು ಹೋಯಿತು. ಮಧ್ಯಾಹ್ನ ತೂಕದ ಚೀಟಿ ಬಂತು, 3.2 ಟನ್. 200 ಕಿಲೋಗೆ ಹೆಚ್ಚಿನ ಹಣ ಕೊಟ್ಟೆವು. ಹಲಗೆಗಳ ಕೆಳಗೆ ಕಾಂಕ್ರೀಟ್‌ಗೆ ಒಂದು ಗೀರೂ ಇಲ್ಲ.

ಆಮೇಲೆ ಮೊಳೆ. ಈ ಮಾದರಿಯಲ್ಲಿ ಒಂದು ಸ್ಕ್ವೇರ್‌ಗೆ 80 ಶಿಂಗಲ್, ಒಂದೊಂದಕ್ಕೆ ನಾಲ್ಕು ಮೊಳೆ. 30 ಸ್ಕ್ವೇರ್‌ಗೆ 9,600 ಮೊಳೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳ ಇದು. ಗಾಲಿ ಇರುವ ಆಯಸ್ಕಾಂತ ಬಾಡಿಗೆಗೆ ತಂದು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಎಳೆದೆವು. ಡಬ್ಬ ನಿಂತಿದ್ದ ಜಾಗದ ಸುತ್ತಲೇ ಅತಿ ಹೆಚ್ಚು ಸಿಕ್ಕವು. ಸಂಜೆ ಬಿಸಿಲು ಓರೆಯಾದಾಗ ಹುಲ್ಲಿನ ಮೇಲೆ ಮೂರನೇ ಸಲ ಎಳೆದೆ. ಆಗಲೂ ಹನ್ನೊಂದು ಮೊಳೆ ಸಿಕ್ಕವು. ನಾಳೆ ಬೆಳಿಗ್ಗೆ ಇನ್ನೊಮ್ಮೆ ಎಳೆದ ಮೇಲೇ ಮಕ್ಕಳನ್ನು ಹೊರಗೆ ಬಿಡುವುದು.