ಆಗಸ್ಟ್ 15ಕ್ಕೆ ಇಲ್ಲೂ ರಜೆ

ಮೆಡಿಟರೇನಿಯನ್ ಸಮುದ್ರದ ದ್ವೀಪ ದೇಶ ಮಾಲ್ಟಾಕ್ಕೆ ಬಂದ ಮೊದಲ ವರ್ಷ. ಡ್ಯೂಟಿ ಪಟ್ಟಿ ನೋಡಿದರೆ ಆಗಸ್ಟ್ 15ರ ಮುಂದೆ ರಜೆ ಅಂತ ಬರೆದಿತ್ತು. ಖುಷಿ ತಡೆಯಲಾಗದೆ ಕಲಬುರಗಿಗೆ ಫೋನ್ ಮಾಡಿ, "ನಮ್ಮ ಸ್ವಾತಂತ್ರ್ಯ ದಿನಕ್ಕೆ ಇಲ್ಲಿಯವರೂ ರಜೆ ಕೊಡ್ತಾರೆ" ಅಂದುಬಿಟ್ಟೆ. ಸಂಜೆಗೆ ಗೊತ್ತಾಯ್ತು, ಅದು ಸಾಂತಾ ಮರಿಯಾ ಹಬ್ಬ. ಯೇಸುವಿನ ತಾಯಿ ಮರಿಯಮ್ಮ ಸ್ವರ್ಗಕ್ಕೆ ಹೋದ ದಿನ. ಮನೆಯವರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಹಾಗಾದರೆ ಇವರ ಸ್ವಾತಂತ್ರ್ಯ ದಿನ ಯಾವಾಗ? ನಾನು ನರ್ಸ್ ಆಗಿರುವ ವೃದ್ಧಾಶ್ರಮದಲ್ಲಿ, ಚಹಾ ಹೊತ್ತಿಗೆ, ಸುಮ್ನೆ ಕೇಳಿದೆ. ಅಡುಗೆಮನೆಯ ಅಕ್ಕ "ಸೆಪ್ಟೆಂಬರ್ 21" ಅಂದರು. ಕಿಟಕಿ ಪಕ್ಕ ಕೂತಿದ್ದ ಅಜ್ಜ "ಮಾರ್ಚ್ 31" ಅಂತ ಗುಡುಗಿದರು. ಚಹಾ ಆರಿಹೋಯ್ತು, ಇಬ್ಬರ ಜಗಳ ಆರಲಿಲ್ಲ.

ಆ ಅಜ್ಜನನ್ನು ಎಲ್ಲರೂ 'ನನ್ನು' ಅಂತ ಕರೆಯುತ್ತಾರೆ. ಮಾಲ್ಟೀಸ್‌ನಲ್ಲಿ ಅಜ್ಜನಿಗೆ ಅದೇ ಹೆಸರು. ನನ್ನ ಬಾಯಿಗೆ ಅದು ಹೊಂದಲಿಲ್ಲ, ನಮ್ಮ ಕಡೆ ಅಜ್ಜನಿಗೆ ಅನ್ನುವ ಹಾಗೆ ಮುತ್ಯಾ ಅಂದೆ. ಒಪ್ಪಿಕೊಂಡರು. ಬ್ರಿಟಿಷರ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ಬದುಕಿದವರು. ಗಾಜಿನ ಲೋಟದಲ್ಲಿ ಗಟ್ಟಿ ಹಾಲಿನ ಚಹಾ ಬೇಕೇ ಬೇಕು, ಕಪ್ಪಿನಲ್ಲಿ ಕೊಟ್ಟರೆ ಮುಟ್ಟುವುದಿಲ್ಲ. ಥೇಟ್ ನಮ್ಮ ಬಸ್‌ಸ್ಟ್ಯಾಂಡಿನ ಚಹಾ.

ಈ ದೇಶ ಬೆಂಗಳೂರಿನ ಅರ್ಧದಷ್ಟೂ ಇಲ್ಲ, 316 ಚದರ ಕಿಲೋಮೀಟರ್. ಬ್ರಿಟಿಷರು ಇಲ್ಲಿ ಯುದ್ಧ ಗೆದ್ದು ಕೂತವರಲ್ಲ. 1798ರಲ್ಲಿ ನೆಪೋಲಿಯನ್ ಬಂದು ದ್ವೀಪ ಹಿಡಿದ. ಜನ ದಂಗೆ ಎದ್ದು ಬ್ರಿಟಿಷರ ಸಹಾಯ ಕೇಳಿದರು. ಸಹಾಯಕ್ಕೆ ಬಂದವರು 1800ರಲ್ಲಿ ಫ್ರೆಂಚರನ್ನು ಓಡಿಸಿ ಇಲ್ಲೇ ಉಳಿದರು, 1814ರಲ್ಲಿ ಕಾಗದಪತ್ರದಲ್ಲೂ ಇದು ಅವರದ್ದೇ ವಸಾಹತಾಯ್ತು. ನೌಕಾಪಡೆಗೆ ಇಂಥ ಬಂದರು ಎಲ್ಲಿ ಸಿಗಬೇಕು? ಊರಿನ ಅನ್ನ ಹಡಗುಕಟ್ಟೆಯಿಂದಲೇ ಬರುವ ಹಾಗಾಯ್ತು. ಹಾಗಂತ ಎಲ್ಲ ಸುಖವಾಗೇನೂ ಇರಲಿಲ್ಲ. 1919ರ ಜೂನ್ 7ರಂದು ಬ್ರೆಡ್ ದುಬಾರಿಯಾಯ್ತು ಅಂತ ಬೀದಿಗಿಳಿದವರ ಮೇಲೆ ಸೈನಿಕರು ಗುಂಡು ಹಾರಿಸಿದರು, ಆ ಗಲಭೆಯಲ್ಲಿ ಒಟ್ಟು ನಾಲ್ವರು ಸತ್ತರು. ಅದಕ್ಕೂ ಒಂದು ರಜೆ ಇದೆ.

ಮುತ್ಯಾನಿಗೆ ಆಗಸ್ಟ್ 15 ಅಂದರೆ ಹಬ್ಬಕ್ಕಿಂತ ಜಾಸ್ತಿ ಒಂದು ಹಡಗು ನೆನಪಾಗುತ್ತದೆ. 1942, ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಬಾಂಬು ಬೀಳುತ್ತಲೇ ಇದ್ದ ಕಾಲ. ಊಟಕ್ಕಿಲ್ಲ, ಎಣ್ಣೆ ಇಲ್ಲ. ಅವನ್ನು ಹೊತ್ತು ಇಲ್ಲಿಗೆ 14 ಸರಕು ಹಡಗುಗಳು ಹೊರಟಿದ್ದವು, ಬಂದು ಮುಟ್ಟಿದ್ದು ಐದು. ಕೊನೆಯದು ಒಹಾಯೋ ಅನ್ನುವ ಎಣ್ಣೆ ಹಡಗು. ಅರ್ಧ ಮುಳುಗಿದ್ದ ಅದನ್ನು ಬೇರೆ ಹಡಗುಗಳು ಎರಡೂ ಕಡೆಯಿಂದ ಹಿಡಿದುಕೊಂಡು ಬಂದರಿಗೆ ತಂದದ್ದು ಸಾಂತಾ ಮರಿಯಾ ದಿನ. ಆಗ ಆರು ವರ್ಷದ ಹುಡುಗ ಇವರು. ಕೈಯೆತ್ತಿ ತೋರಿಸುತ್ತಾರೆ, ಹಡಗಿನ ಅಂಚು ನೀರಿಗೆ ಎಷ್ಟು ಹತ್ತಿರ ಇತ್ತು ಅಂತ. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಟನ್ ರಾಜ ಇಡೀ ದ್ವೀಪಕ್ಕೆ ಧೈರ್ಯಕ್ಕೆಂದು ಕೊಡುವ ಜಾರ್ಜ್ ಕ್ರಾಸ್ ಪದಕ ಕೊಟ್ಟಿದ್ದ. ಅದು ಈಗಲೂ ಇವರ ಬಾವುಟದ ಮೂಲೆಯಲ್ಲಿದೆ. ಆಳಿದವರು ಕೊಟ್ಟ ಪದಕವನ್ನು ಸ್ವತಂತ್ರ ದೇಶದ ಬಾವುಟದಲ್ಲಿ ನೋಡಿ ನನಗೆ ಮೊದಮೊದಲು ವಿಚಿತ್ರ ಅನಿಸುತ್ತಿತ್ತು.

ಅದಕ್ಕಿಂತ ವಿಚಿತ್ರ 1956ರದ್ದು. ಬ್ರಿಟಿಷರು ಹೋಗಲಿ ಅಂತ ಎಲ್ಲ ಕಡೆ ಕೂಗುತ್ತಿದ್ದ ಕಾಲದಲ್ಲಿ, ಇಲ್ಲಿನ ಪ್ರಧಾನಿ, ಲೇಬರ್ ಪಕ್ಷದ ಡೊಮ್ ಮಿಂಟೋಫ್ ನಮ್ಮನ್ನು ಬ್ರಿಟನ್ನಿಗೇ ಸೇರಿಸಿಕೊಳ್ಳಿ ಅಂತ ಕೇಳಿದರು. ಲಂಡನ್ ಸಂಸತ್ತಿನಲ್ಲಿ ಮೂರು ಸೀಟು, ಅಲ್ಲಿಯವರಷ್ಟೇ ಕೂಲಿ, ಅಲ್ಲಿಯ ಸವಲತ್ತು. ಜನಮತಗಣನೆಯಲ್ಲಿ ಓಟು ಹಾಕಿದವರಲ್ಲಿ ಶೇ 77 ಮಂದಿ ಹೂಂ ಅಂದರು. ಆದರೆ ನ್ಯಾಷನಲಿಸ್ಟ್ ಪಕ್ಷ ಬಹಿಷ್ಕಾರ ಹಾಕಿತ್ತು, ಚರ್ಚ್‌ಗೂ ಮನಸ್ಸಿರಲಿಲ್ಲ, ಹತ್ತರಲ್ಲಿ ನಾಲ್ವರು ಓಟಿಗೇ ಬರಲಿಲ್ಲ. ದುಡ್ಡಿನ ಮಾತಲ್ಲಿ ಲಂಡನ್ ಎಳೆದಾಡಿತು, ಮದುವೆ ಮುರಿಯಿತು. 1958ರಲ್ಲಿ ಮಿಂಟೋಫ್ ರಾಜೀನಾಮೆ ಕೊಟ್ಟರು.

ಮುಂದೆ ನ್ಯಾಷನಲಿಸ್ಟ್ ಪಕ್ಷದ ಬೋರ್ಗ್ ಒಲಿವಿಯೆ ಪ್ರಧಾನಿಯಾಗಿ 1964ರ ಸೆಪ್ಟೆಂಬರ್ 21ಕ್ಕೆ ಸ್ವಾತಂತ್ರ್ಯ ತಂದರು. ಆದರೆ ರಾಣಿ ಎಲಿಜಬೆತ್ ಮಾಲ್ಟಾದ ರಾಣಿಯಾಗೇ ಉಳಿದರು, ಸೈನ್ಯವೂ ಉಳಿಯಿತು. ಮಿಂಟೋಫ್ 1971ರಲ್ಲಿ ಮತ್ತೆ ಗೆದ್ದು ಬಂದರು. ನಿಮ್ಮ ಸೈನ್ಯ ಇಲ್ಲಿ ಇರೋದಾದರೆ ಬಾಡಿಗೆ ಜಾಸ್ತಿ ಕೊಡಿ ಅಂತ ಬ್ರಿಟನ್ ಜೊತೆ ಪಟ್ಟು ಹಿಡಿದರು. 1972ರಲ್ಲಿ ವರ್ಷಕ್ಕೆ 1.4 ಕೋಟಿ ಪೌಂಡಿಗೆ ಮಾತಾಯ್ತು. 1974ರ ಡಿಸೆಂಬರ್ 13ಕ್ಕೆ ಗಣರಾಜ್ಯ. ಕರಾರು ಮುಗಿದ 1979ರ ಮಾರ್ಚ್ 31ಕ್ಕೆ ಕೊನೆಯ ಬ್ರಿಟಿಷ್ ಸೈನಿಕರು ಹಡಗು ಹತ್ತಿದರು. ಬ್ರಿಟನ್ನಿಗೆ ಸೇರಿಸಿಕೊಳ್ಳಿ ಅಂದಿದ್ದ ಮನುಷ್ಯನೇ ಅವರನ್ನು ಬೀಳ್ಕೊಟ್ಟದ್ದು, ನೋಡಿ.

"1964ರದ್ದು ಬರೀ ಕಾಗದ. ಬೆಳಗ್ಗೆ ಕೆಲಸಕ್ಕೆ ಹೋದರೆ ಬಂದರಿನಲ್ಲಿ ಅದೇ ಬ್ರಿಟಿಷ್ ಹಡಗು" ಅಂತಾರೆ ಮುತ್ಯಾ. "1979ರದ್ದು ಸ್ವಾತಂತ್ರ್ಯಾನಾ? ಬಾಡಿಗೆದಾರರು ಅವಧಿ ಮುಗಿದು ಮನೆ ಖಾಲಿ ಮಾಡಿದ್ದು" ಅಂತಾರೆ ಅಡುಗೆಮನೆ ಅಕ್ಕ. ಮುತ್ಯಾ ಲೇಬರ್, ಅಕ್ಕ ನ್ಯಾಷನಲಿಸ್ಟ್ ಮನೆತನ. ಜಗಳ ಬಗೆಹರಿಯದೆ ಸಂಸತ್ತು ಕೊನೆಗೆ ಈ ಎರಡೂ ಸೇರಿ ಐದು ದಿನಗಳನ್ನು ರಾಷ್ಟ್ರೀಯ ದಿನ ಮಾಡಿತು. ಜೂನ್ 7 ಅದರಲ್ಲೊಂದು. ರಜೆ ಸಿಗುವ ನನಗಂತೂ ದೂರಿಲ್ಲ.

ನಗು ಬರುತ್ತದೆ ಅಲ್ವಾ? ಆದರೆ ನಮ್ಮ ಲೆಕ್ಕ ಹಾಕಿ. 1947ರ ಆಗಸ್ಟ್ ಆದಮೇಲೂ 1950ರ ಜನವರಿ 26ರವರೆಗೆ ನಮಗೆ ಲಂಡನ್ನಿನ ರಾಜನೇ ರಾಜ. ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಮುಂಬೈನ ಗೇಟ್‌ವೇ ದಾಟಿ ಹೋದದ್ದು 1948ರ ಫೆಬ್ರುವರಿ 28ಕ್ಕೆ. ನಾವು ಕಲಬುರಗಿಯವರಿಗಂತೂ ಇನ್ನೊಂದು ದಿನ ಇದೆ. ನಮ್ಮೂರನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮ ಭಾರತಕ್ಕೆ ಶರಣಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಊರಿನ ಮುತ್ಯಾ ಆಗಸ್ಟ್ 15ರಂದು ಶಾಲೆಯ ಧ್ವಜಾರೋಹಣ ನೋಡಿ ಬಂದು, "ಇದು ದೇಶದ್ದು. ನಮ್ದು ಮುಂದಿನ ತಿಂಗಳು" ಅನ್ನುತ್ತಿದ್ದರು.

ಇದನ್ನು ಇಲ್ಲಿನ ಮುತ್ಯಾನಿಗೆ ಹೇಳಿದೆ. ಬೆರಳು ಮಡಚಿ ಎಣಿಸಿದರು. ಅಡುಗೆಮನೆ ಕಡೆ ತಿರುಗಿ, "ಕೇಳಿದೆಯಾ? ಇವರ ಊರಲ್ಲೂ ಎರಡನೆಯದೇ ನಿಜವಾದದ್ದು!" ಅಂತ ಕೂಗಿದರು. ಒಳಗಿಂದ ಪಾತ್ರೆ ಸದ್ದು ಜೋರಾಯ್ತು. ಆ ದಿನ ಅವರ ಚಹಾ ಕಪ್ಪಿನಲ್ಲಿ ಬಂತು.