ಕತ್ತರಿಸದೆ ತಿಳಿಯುವ ದಾರಿ

ನಮ್ಮ ದೊಡ್ಡಮ್ಮನಿಗೆ ಊಟವಾದ ಮೇಲೆ ಎಲೆಯಡಿಕೆಯೊಂದಿಗೆ ಚೂರು ಹೊಗೆಸೊಪ್ಪು ಇರಲೇಬೇಕಿತ್ತು. ಅವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಂಡಾಗ ವೈದ್ಯರು ಅಲ್ಲಿಂದ ತುಸು ಅಂಗಾಂಶವನ್ನು ಕತ್ತರಿಸಿ ಬಯಾಪ್ಸಿಗೆ ಕಳುಹಿಸಿದರು. ಕ್ಯಾನ್ಸರ್ ಇಲ್ಲವೆಂದು ವರದಿ ಬಂತು. ಮಚ್ಚೆ ಮಾತ್ರ ಹಾಗೆಯೇ ಉಳಿದದ್ದರಿಂದ ಪ್ರತಿ ತಪಾಸಣೆಗೂ ಮುನ್ನ ಮತ್ತೆ ಕತ್ತರಿಸುವರೇನೋ ಎಂಬ ಭಯ ಅವರನ್ನು ಕಾಡುತ್ತದೆ. ಕತ್ತರಿಸದೆ ತಿಳಿಯುವ ದಾರಿ ಇಲ್ಲವೇ ಎಂದು ಅವರು ಕೇಳಿದ್ದರಿಂದಲೇ, ಭೌತಶಾಸ್ತ್ರ ಕಲಿಸುವ ನಾನು, ಚದುರಿದ ಬೆಳಕಿನಿಂದ ವಸ್ತುವಿನ ಅಣುಗಳನ್ನು ಗುರುತಿಸುವ ರಾಮನ್ ಸ್ಪೆಕ್ಟ್ರೋಸ್ಕೋಪಿಯನ್ನು ಕ್ಯಾನ್ಸರ್ ಪತ್ತೆಗೆ ಬಳಸುವುದರ ಬಗ್ಗೆ ಓದತೊಡಗಿದೆ.

ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡ ಪರಿಣಾಮವೇ ಇದರ ಬುನಾದಿ. ವಸ್ತುವಿನ ಮೇಲೆ ಬಿದ್ದು ಚದುರುವ ಬೆಳಕಿನಲ್ಲಿ ಬಹುಪಾಲು ತನ್ನ ಬಣ್ಣವನ್ನು ಉಳಿಸಿಕೊಂಡರೆ, ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ) ಮಾತ್ರ ಅಣುವಿನ ಕಂಪನಕ್ಕೆ ತಕ್ಕಷ್ಟು ಶಕ್ತಿಯನ್ನು ಕಳೆದುಕೊಂಡು ಅಥವಾ ಪಡೆದುಕೊಂಡು ಬೇರೆ ಬಣ್ಣದಲ್ಲಿ ಹೊರಬರುತ್ತದೆ. ಕೊಬ್ಬು, ಪ್ರೋಟೀನ್, ಡಿಎನ್‌ಎ ಇವುಗಳ ಕಂಪನಗಳು ಬೇರೆ ಬೇರೆಯಾದ್ದರಿಂದ ರೋಹಿತದಲ್ಲಿ, ಅಂದರೆ ಈ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ, ಅವುಗಳ ಗೆರೆಗಳೂ ಬೇರೆ ಬೇರೆ ಜಾಗದಲ್ಲಿ ಮೂಡುತ್ತವೆ. ಕಣ್ಣಿಗೆ ಕಾಣುವ ಬಣ್ಣದ ಲೇಸರ್ ಹಾಯಿಸಿದರೆ ಅಂಗಾಂಶ ತಾನೇ ಹೊಮ್ಮಿಸುವ ಬೆಳಕಿನಲ್ಲಿ (ಪ್ರತಿದೀಪ್ತಿಯಲ್ಲಿ) ಈ ಕ್ಷೀಣ ಸಂಕೇತ ಮುಳುಗಿಹೋಗುವುದರಿಂದ, ಸಾಮಾನ್ಯವಾಗಿ 785 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಲೇಸರನ್ನು ಬಳಸುತ್ತಾರೆ.

ಬಾಯಿಯ ಕ್ಯಾನ್ಸರಿನ ಮೇಲೆ ಈ ಬೆಳಕನ್ನು ಹಾಯಿಸಿ ನೋಡಿದ ಆರಂಭದ ಕೆಲಸಗಳಲ್ಲಿ ಒಂದು ನಮ್ಮ ಮಣಿಪಾಲದಲ್ಲಿಯೇ ನಡೆದು 2001ರಲ್ಲಿ ಪ್ರಕಟವಾಯಿತು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಮುಂದೆ ನವಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ರೋಗಿಗಳ ಬಾಯಿಯೊಳಗೇ ಬೆಳಕು ಹಾಯಿಸಿ ಮರಳಿ ಪಡೆಯುವ ತೆಳುವಾದ ಕಡ್ಡಿಯಂಥ ಸಾಧನ (ಪ್ರೋಬ್) ಇಟ್ಟು ರೋಹಿತಗಳನ್ನು ದಾಖಲಿಸಿದರು. ಆರೋಗ್ಯವಂತ ಕೆನ್ನೆಯ ಒಳಪದರದ ರೋಹಿತದಲ್ಲಿ ಕೊಬ್ಬಿನ ಗೆರೆಗಳು ಎದ್ದು ಕಂಡರೆ, ಗಡ್ಡೆಯ ರೋಹಿತದಲ್ಲಿ ಅವು ಕುಗ್ಗಿ ಪ್ರೋಟೀನಿನ ಗೆರೆಗಳು ಮೇಲಾಗುತ್ತವೆ. ಆದರೆ ನಾಲಿಗೆ, ತುಟಿ, ಕೆನ್ನೆ ಇವುಗಳ ರಚನೆಯೇ ಬೇರೆಯಾಗಿರುವುದರಿಂದ ಕೆನ್ನೆಯ ಅಳತೆಗೋಲನ್ನು ನಾಲಿಗೆಗೆ ಹಚ್ಚುವಂತಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚೆಂದು ನನಗೆ ತೋರುತ್ತದೆ. ಮಿದುಳಿನ ಗಡ್ಡೆಯ ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಹೆಚ್ಚು ತೆಗೆದರೆ ಮಾತೋ ಚಲನೆಯೋ ಹೋದೀತು, ಕಡಿಮೆ ತೆಗೆದರೆ ರೋಗ ಉಳಿದೀತು. ಮಾಂಟ್ರಿಯಲ್‌ನ ತಂಡವೊಂದು 2015ರಲ್ಲಿ 17 ರೋಗಿಗಳ ಶಸ್ತ್ರಚಿಕಿತ್ಸೆಯ ನಡುವೆಯೇ ಕೈಯಲ್ಲಿ ಹಿಡಿಯುವ ರಾಮನ್ ಪ್ರೋಬಿನಿಂದ ಇಂಥ ಅಂಚುಗಳನ್ನು ಪರೀಕ್ಷಿಸಿ, ಕ್ಯಾನ್ಸರ್ ಕೋಶಗಳು ಹರಡಿದ್ದ ಜಾಗಗಳನ್ನು 90 ಪ್ರತಿಶತಕ್ಕೂ ಹೆಚ್ಚು ಬಾರಿ ಸರಿಯಾಗಿ ಗುರುತಿಸಿತು.

ದೊಡ್ಡಮ್ಮನಿಗೆ ನಾನು ಕೊಡಬಹುದಾದ ಉತ್ತರ ಅವರು ಬಯಸಿದ್ದಕ್ಕಿಂತ ಚಿಕ್ಕದು. ಯಾವ ರೋಹಿತ ಕ್ಯಾನ್ಸರಿನದು, ಯಾವುದು ಅಲ್ಲ ಎಂದು, ರೋಹಿತಗಳನ್ನು ವಿಂಗಡಿಸುವ ಗಣಕಕ್ಕೆ ಕಲಿಸುವುದೇ ಸೂಕ್ಷ್ಮದರ್ಶಕದಡಿ ಅಂಗಾಂಶವನ್ನು ನೋಡಿದ ತಜ್ಞರ ತೀರ್ಪು; ಹಾಗಾಗಿ ಬಯಾಪ್ಸಿಯನ್ನು ಕೈಬಿಡುವ ಮಾತು ಈಗಿಲ್ಲ. ಆದರೆ ಅಗಲವಾದ ಮಚ್ಚೆಯಲ್ಲಿ ಎಲ್ಲ ಭಾಗವೂ ಒಂದೇ ರೀತಿ ಕೆಟ್ಟಿರುವುದಿಲ್ಲ, ತಪ್ಪು ಜಾಗದಿಂದ ತೆಗೆದ ಚೂರು ರೋಗವನ್ನು ತೋರಿಸದೆಯೂ ಇರಬಹುದು. ಎಲ್ಲಿಂದ ಕತ್ತರಿಸಬೇಕು ಎಂಬುದನ್ನಾದರೂ ಬೆಳಕು ತೋರಿಸಿಕೊಟ್ಟರೆ ಸಾಕೆಂದು ನಾನು ಅವರಿಗೆ ಹೇಳಿದ್ದೇನೆ.